ಪರದೇಶದ ಪಾಡ್ಯ

ಪುಷ್ಯದ ಥಂಡಿಯಲ್ಲಿ ನಮ್ಮ ಉಗಾರದ ರಾತ್ರಿಗಳು ಕಬ್ಬಿನವು. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರಖಾನೆಯು ಸ್ಥಾಪನೆಯಾದಂದಿನಿಂದ ಹಂಗಾಮಿನ ನಾಲ್ಕೈದು ತಿಂಗಳು ಈ ಸೀಮೆಗೆ ಅರ್ಧ ನಿದ್ದೆಯೇ ಸರಿ. ಗಾಡಿಗಳ ಸಾಲು, ಟ್ರ್ಯಾಕ್ಟರುಗಳ ಆರ್ಭಟ, ಗಾಳಿ ತಿರುಗಿದರೆ ಕಾಕಂಬಿಯ ವಾಸನೆ. ಇಂತಹ ಒಂದು ರಾತ್ರಿ ನಾವು ಹೊದ್ದು ಮಲಗಿ ಕಣ್ಣು ಮುಚ್ಚಿದ್ದೆವಷ್ಟೆ, ಬೆಳಗಾವಿಯಲ್ಲಿರುವ ನಮ್ಮ ಮಗಳ ಮಗನು ಸರಿಯಾಗಿ ಹನ್ನೆರಡು ಹೊಡೆಯುವಾಗ ದೂರವಾಣಿಯಲ್ಲಿ ನಮ್ಮನ್ನು ಎಬ್ಬಿಸಿ, “ಅಜ್ಜಾ, ಹೊಸಾ ವರ್ಷದ ಶುಭಾಶಯ!” ಎಂದು ಕೂಗಿದನು. “ಪಾಡ್ಯಕ್ಕೆ ಇನ್ನೂ ಮೂರು ತಿಂಗಳು ಅದಾವಲ್ಲೋ” ಎಂದೆವು. “ಅದು ನಿಮ್ಮ ಹೊಸಾ ವರ್ಷ ಅಜ್ಜಾ. ಇದು ಎಲ್ಲಾರದು” ಎಂದನು ಹತ್ತು ವರ್ಷದ ಆ ಪಂಡಿತನು.

ಮಕ್ಕಳ ಮಾತಿಗೆ ಸಿಟ್ಟಾಗುವ ವಯಸ್ಸು ನಮ್ಮದಲ್ಲ. ಆದರೆ ಮೂವತ್ತಾರು ವರ್ಷ ಶಾಲೆಯಲ್ಲಿ ಕಲಿಸಿದ ಚಟವು ನಿವೃತ್ತಿವೇತನದ ಕಾಗದದೊಡನೆ ಹೋಗುವಂತಹದಲ್ಲವಷ್ಟೆ. ಬೆಳಗಾದ ಮೇಲೆ ನಾವೇ ಅವನನ್ನು ಕರೆದು ತಿಂಗಳುಗಳ ಹೆಸರನ್ನು ಹೇಳಿಸಿದೆವು. ಸೆಪ್ಟೆಂಬರದಲ್ಲಿ ನಮ್ಮ ಸಪ್ತವು ಅಡಗಿದೆ, ಅಕ್ಟೋಬರದಲ್ಲಿ ಅಷ್ಟ, ನವೆಂಬರದಲ್ಲಿ ನವ, ಡಿಸೆಂಬರದಲ್ಲಿ ದಶ. ಲ್ಯಾಟಿನವೂ ಸಂಸ್ಕೃತವೂ ದೂರದ ದಾಯಾದಿಗಳು. ಹಾಗಾದರೆ ಹತ್ತನೆಯದೆಂಬ ಹೆಸರುಳ್ಳ ತಿಂಗಳು ಹನ್ನೆರಡನೆಯದಾದುದು ಹೇಗೆ? ಹುಡುಗನು ಸುಮ್ಮನಾದನು. ರೋಮನರ ಹಳೆಯ ವರ್ಷವು ಮಾರ್ಚ್ ತಿಂಗಳಿನಿಂದ ಮೊದಲಾಗುತ್ತಿದ್ದಿತು. ಅಷ್ಟು ದೂರವೇಕೆ, ನಮ್ಮನ್ನು ಆಳಿದ ಇಂಗ್ಲೀಷರ ದೇಶದಲ್ಲಿಯೇ 1751ರ ವರೆಗೆ ಕಾನೂನಿನ ವರ್ಷವು ಮಾರ್ಚ್ 25ಕ್ಕೆ ಹುಟ್ಟುತ್ತಿದ್ದಿತು. ಜನವರಿ 1ರ ಪಟ್ಟಾಭಿಷೇಕವಾದದ್ದು 1752ರಿಂದ. ಸೂರತ್ತಿನಲ್ಲಿ ಕೋಠಿ ಹಾಕಿಕೊಂಡು ಕುಳಿತಿದ್ದ ಕಂಪನಿಯ ಮೊದಲ ವ್ಯಾಪಾರಿಗಳ ಹೊಸ ವರ್ಷವೂ ನಮ್ಮ ಪಾಡ್ಯದ ಆಸುಪಾಸಿನದೇ ಆಗಿದ್ದಿತೆಂದು ತಿಳಿದರೆ ಯಾರಿಗೆ ನಗು ಬಾರದು?

ಆದುದರಿಂದ ‘ಎಲ್ಲರದು’ ಎಂಬ ಮಾತನ್ನು ಸ್ವಲ್ಪ ಸಾವಕಾಶವಾಗಿ ಆಡಬೇಕು. ಒಂದು ಊರಿನೊಳಗೇ ವರ್ಷಾರಂಭಗಳು ಎಷ್ಟಿರುವುವು ನೋಡಿರಿ. ಹೊಲದ ಆಳಿನ ಕರಾರು ಚೈತ್ರದ ಪಾಡ್ಯಕ್ಕೆ; ಅಂಗಡಿಕಾರನ ಖಾತೆ ಕೀರ್ದಿ ದೀಪಾವಳಿಯ ಪಾಡ್ಯಕ್ಕೆ; ನಮ್ಮ ನೆರೆಯ ಜೈನ ಮನೆಗಳಲ್ಲಿ ವೀರನಿರ್ವಾಣ ಸಂವತ್ಸರವೂ ಆಗಲೇ; ಮುಸಲ್ಮಾನ ಬಂಧುಗಳಿಗೆ ಮೊಹರಮ್ಮಿಗೆ; ಸರಕಾರದ ಹಣಕಾಸಿಗೆ ಏಪ್ರಿಲ್ 1. ಭಾರತ ಸರಕಾರವು 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೆಂಬ ಇನ್ನೊಂದನ್ನು ಜಾರಿಗೆ ತಂದಿತು. ಆ ದಿನ ಬೇವು ತಿಂದವರನ್ನು ಮಾತ್ರ ನಾವು ಕಂಡಿಲ್ಲ. ಮಾಸ್ತರರಾದ ನಮಗೆ ನಿಜವಾದ ಹೊಸ ವರ್ಷವು ಮುಂಗಾರಿನೊಡನೆ, ಒದ್ದೆ ಪಾಟೀಚೀಲಗಳ ವಾಸನೆಯೊಡನೆ ಬರುತ್ತಿದ್ದಿತು.

ಆದರೆ ಈ ತಿಂಗಳು ನಾವು ಹೇಳಹೊರಟಿರುವುದು ಪಂಚಾಂಗದ ಗಣಿತವಲ್ಲ. ತಮ್ಮ ಹೊಸ ವರ್ಷವನ್ನು ಗಂಟಿನಲ್ಲಿ ಕಟ್ಟಿಕೊಂಡು ಪರದೇಶಕ್ಕೆ ಹೋದವರು ಅದನ್ನು ಅಲ್ಲಿ ಹೇಗೆ ಬಿಚ್ಚಿದರು ಎಂಬುದು. ಜನವರಿಯ ಹೊಸ ವರ್ಷವು ನಮ್ಮ ಜನಕ್ಕೆ ಸರಕಾರದ ಕಚೇರಿಯಿಂದ ಬಂದಂತೆ ಮಿಶನರಿಗಳ ಶಾಲೆಯಿಂದಲೂ ದವಾಖಾನೆಯಿಂದಲೂ ಬಂದಿತು. ನಮ್ಮ ಮನೆಗಂತೂ ದವಾಖಾನೆಯ ಬಾಗಿಲಿನಿಂದಲೇ ಬಂದಿತು.

ಉಗಾರ, ಕಾಗವಾಡ, ಅಥಣಿ, ರಾಯಬಾಗದ ಕಡೆಯವರಿಗೆ ‘ಮಿರಜಿಗೆ ಹೋಗುವುದು’ ಎಂದರೆ ಊರಿಗೆ ಹೋಗುವುದಲ್ಲ, ವೈದ್ಯರ ಬಳಿಗೆ ಹೋಗುವುದು. ಇದಕ್ಕೆ ಕಾರಣರಾದವರು ವಿಲಿಯಮ್ ವಾನ್‌ಲೆಸ್ ಎಂಬ ವೈದ್ಯರು. ಕೆನಡಾ ದೇಶದಲ್ಲಿ 1865ರಲ್ಲಿ ಹುಟ್ಟಿದ ಇವರು ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಶನ್ನಿನ ಕಡೆಯಿಂದ 1889ರಲ್ಲಿ ಸಾಂಗಲಿಯ ಸೀಮೆಗೆ ಬಂದರು. ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆ ತೆರೆಯಿತು. 1928ರ ವರೆಗೆ, ಅಂದರೆ ಸುಮಾರು ನಾಲ್ವತ್ತು ಹೊಸ ವರ್ಷಗಳನ್ನು ಕೃಷ್ಣೆಯ ಈ ಸೀಮೆಯಲ್ಲಿ ಕಳೆದು ಅವರು ಹಿಂದಿರುಗಿದರು. 1933ರಲ್ಲಿ ಅಮೇರಿಕೆಯಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯಲ್ಲಿ ಅವರ ತರುವಾಯವೂ ಸಮುದ್ರದಾಚೆಯ ವೈದ್ಯರು ಬಹುಕಾಲ ಕೆಲಸ ಮಾಡಿದರು.

ನಮ್ಮ ತಂದೆಯವರು ಇನ್ನೂ ಪ್ರಾಯದವರಿದ್ದಾಗ ನಮ್ಮ ಆಯಿಯನ್ನು, ಅಂದರೆ ಅಜ್ಜಿಯನ್ನು, ಕಣ್ಣಿನ ಪೊರೆ ತೆಗೆಯಿಸಲಿಕ್ಕೆ ಖುರ್ದದ ನಿಲ್ದಾಣದಿಂದ ರೈಲಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಎರಡೂ ಕಣ್ಣಿಗೆ ಪಟ್ಟಿ. ಮಿಸುಕದೆ ಮಲಗಬೇಕೆಂದು ಅಪ್ಪಣೆ. ಎಳ್ಳಮಾವಾಸ್ಯೆಯ ಸುಮಾರು. ಊರಿನಲ್ಲಿದ್ದರೆ ಜೋಳದ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕಾಗಿದ್ದ ಹೆಂಗಸು ಕತ್ತಲೆಯಲ್ಲಿ ಕೈಕಟ್ಟಿ ಮಲಗಿದ್ದಳು. ಒಂದು ನಡುರಾತ್ರಿ ಗಂಟೆ ಬಾರಿಸಿತು. ಸ್ವಲ್ಪ ದೂರದಲ್ಲಿ ನಾಲ್ಕಾರು ಮಂದಿ ಸಣ್ಣ ದನಿಯಲ್ಲಿ ಹಾಡಿದರು. ಯಾರೋ ತೀರಿಕೊಂಡರೆಂದು ಆಯಿಯು ಹೆದರಿ ದಾದಿಯನ್ನು ಕೂಗಿದಳು. ಆಕೆ ಬಂದು, ಅದು ಅಳುವಲ್ಲ, ದೊಡ್ಡ ಡಾಕ್ಟರ ಮನೆಯವರ ಹೊಸ ವರ್ಷವೆಂದು ಸಮಾಧಾನ ಹೇಳಿದಳು. “ಗಿಡಕ್ಕ ಒಂದು ಚಿಗುರಿಲ್ಲ, ಕೋಗಿಲಿ ಕೂಗಿಲ್ಲ, ಎಂಥಾ ಹೊಸಾ ವರ್ಷಾನ ಯವ್ವಾ?” ಎಂದಳು ಆಯಿ. “ಅವರ ಊರಾಗ ಈಗ ಬರ್ಫ ಬಿದ್ದಿರತೈತಿ ಆಯಿ. ಅವರ ಹಡದವರು ಅಲ್ಲೇ ಅದಾರ” ಎಂದಳು ದಾದಿ. ಬೆಳಿಗ್ಗೆ ಎಲ್ಲ ಹಾಸಿಗೆಗಳಿಗೂ ಒಂದೊಂದು ಕಿತ್ತಳೆಹಣ್ಣು ಬಂದಿತು. ಆಯಿಯು ಅದನ್ನು ತಿನ್ನದೆ ಊರಿಗೆ ತಂದು, ಸುಲಿದು, ಮನೆಯ ಮಕ್ಕಳಿಗೆಲ್ಲ ಒಂದೊಂದು ತೊಳೆ ಕೊಟ್ಟಳಂತೆ. ಈ ಕಥೆಯನ್ನು ನಾವು ಆಕೆಯ ಬಾಯಿಂದ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಪ್ರತಿಸಲವೂ ಆಕೆ ಕೊನೆಯಲ್ಲಿ ಹಾಡಿನ ವಿಷಯಕ್ಕೇ ಬರುತ್ತಿದ್ದಳು: ಹಬ್ಬದ ಹಾಡು ಹಾಗೆ ಅತ್ತಂತೆ ಕೇಳಿಸಬಾರದು ಎಂದು.

ಆ ಹಾಡು ಏಕೆ ಹಾಗೆ ಕೇಳಿಸಿತೆಂಬುದನ್ನು ತಿಳಿಯಬೇಕಾದರೆ ನಾವು ಇನ್ನೂ ಹಿಂದಕ್ಕೆ, ನಮ್ಮ ಭಾಷೆಗೆ ಬಹಳ ಉಪಕಾರ ಮಾಡಿದ ಇನ್ನೊಂದು ಮಂಡಲಿಯ ಬಳಿಗೆ ಹೋಗಬೇಕು. ಸ್ವಿಟ್ಜರ್ಲಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ಸುಮಾರು ಮೂರು ತಿಂಗಳು ಹಡಗಿನಲ್ಲಿದ್ದು 1834ರ ಅಕ್ಟೋಬರದಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಅಲ್ಲಿಂದ ಎರಡು ತಿಂಗಳಿಗೆ, 1835ರ ಜನವರಿ 1, ಅವರಿಗೆ ಕನ್ನಡ ನಾಡಿನ ಮೊದಲನೆಯ ಹೊಸ ವರ್ಷ. ಊರಿನಲ್ಲಿ ಹಿಮ, ಒಲೆಯ ಸುತ್ತ ಕುಳಿತ ಮನೆಯವರು, ಆ ದಿನಕ್ಕೆಂದೇ ಹೆಣೆದು ಬೇಯಿಸಿದ ರೊಟ್ಟಿ. ಇಲ್ಲಿ ತೆಂಗಿನ ಗರಿ, ಬೆವರು, ತಿಳಿಯದ ಮಾತು. ತರುವಾಯ ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಅವರ ಠಾಣೆಗಳು ಬೆಳೆದುವು. ಇವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಒಕ್ಕಲಿಗರ, ಕಸಬುದಾರರ ಮಕ್ಕಳು. ದೊರೆಗಳ ಜಾತಿಯವರೆಂದು ನಮ್ಮ ಜನ ಸಲಾಮು ಹಾಕುತ್ತಿದ್ದರೂ ದೊರೆಗಳಿಗೆ ಇವರು ಹೊರಗಿನವರೇ.

ಆ ಕಾಲದ ಭಕ್ತಿವಂತ ಜರ್ಮನ್ ಮನೆಗಳಲ್ಲಿ ಒಂದು ಪುಸ್ತಕದ ಬಳಕೆಯಿದ್ದಿತು. ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಸಮಾಜದವರು ಅದನ್ನು 1731ರಿಂದ ವರ್ಷಕ್ಕೊಂದರಂತೆ ಅಚ್ಚುಹಾಕಿಸುತ್ತ ಬಂದಿರುವರು. ಇಂದಿಗೂ ಅನೇಕ ಭಾಷೆಗಳಲ್ಲಿ ಅದು ಹೊರಡುತ್ತದೆ. ಚೀಟಿ ಎತ್ತಿ ಆರಿಸಿದ ಒಂದೊಂದು ವೇದವಚನ ದಿನಕ್ಕೊಂದು. ನಮ್ಮಲ್ಲಿ ಪಾಡ್ಯದ ದಿನ ಜೋಯಿಸರು ಪಂಚಾಂಗವನ್ನು ಓದಿ ಈ ವರ್ಷ ರಾಜನಾರು, ಮಂತ್ರಿಯಾರು, ಮಳೆ ಎಷ್ಟು ಕೊಳಗ ಎಂದು ಹೇಳುವರಷ್ಟೆ. ಇದರಲ್ಲಿ ಮಳೆಯೂ ಇಲ್ಲ, ಮಂತ್ರಿಯೂ ಇಲ್ಲ. ಇದರ ಗುಣವೇ ಬೇರೆ: ಹಳ್ಳಿಯಲ್ಲಿ ಮುದುಕಿಯಾದ ತಾಯಿಯು ಯಾವ ದಿನ ಯಾವ ವಚನವನ್ನು ಓದುವಳೋ, ಸಮುದ್ರದಾಚೆ ಮಗನೂ ಅದೇ ದಿನ ಅದೇ ವಚನವನ್ನು ಓದಬಹುದು. ಪುಸ್ತಕವು ಕಾಲಕ್ಕೆ ಸರಿಯಾಗಿ ಬಂದು ಮುಟ್ಟಿದ್ದರೆ ಎಂಬುದೊಂದು ಷರತ್ತು. ಸುಯೇಜ್ ಕಾಲುವೆಯು ತೆರೆದದ್ದು 1869ರಲ್ಲಿ. ಅದಕ್ಕಿಂತ ಮೊದಲು ಆಫ್ರಿಕೆಯನ್ನು ಸುತ್ತಿ ಬರುವ ಹಡಗಿನಲ್ಲಿ ಕಾಗದ ಹಾಕಿದವನು ಹೊಸ ವರ್ಷದ ಆಶೀರ್ವಾದವನ್ನು ಗಣೇಶ ಚೌತಿಯ ಸುಮಾರಿಗೇ ಬರೆದಿಡಬೇಕಾಗುತ್ತಿದ್ದಿತು. ಆ ಆಶೀರ್ವಾದವು ಬಂದು ಮುಟ್ಟುವಾಗ ಬರೆದ ಕೈ ಇರುವುದೋ ಇಲ್ಲವೋ ಯಾರು ಬಲ್ಲರು? ಡಿಸೆಂಬರದ ಕೊನೆಯ ರಾತ್ರಿ ಧಾರವಾಡದ ಬಂಗಲೆಯಲ್ಲಿ ಹನ್ನೆರಡು ಹೊಡೆದಾಗ ವುರ್ಟೆಂಬರ್ಗಿನಲ್ಲಿ ಸಂಜೆ ಏಳೂವರೆಯ ಸುಮಾರು. ಅಲ್ಲಿಯವರು ಇನ್ನೂ ಹಳೆಯ ವರ್ಷದಲ್ಲಿ ಊಟಕ್ಕೆ ಕುಳಿತಿರುವರು.

ಹೆಂಗಸರ ಸಂಕಟವು ಇದಕ್ಕಿಂತಲೂ ದೊಡ್ಡದು. ಮಿಶನರಿಗೆ ತಾನು ಬಯಸಿದಾಗ ಮದುವೆಯಾಗುವ ಸ್ವಾತಂತ್ರ್ಯವಿರಲಿಲ್ಲ. ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆಯಾದ ಮೇಲೆ ಎಷ್ಟೋ ಹುಡುಗಿಯರು ಮುಖವನ್ನೇ ಕಾಣದ ವರನನ್ನು ನಂಬಿ ಹಡಗನ್ನು ಹತ್ತಿ ಬಂದರು. ನಮ್ಮ ಅಜ್ಜಿಯರೂ ಹಾಗೆಯೇ ಮದುವೆಯಾದವರೆಂದು ವಾಚಕರು ಹೇಳಬಹುದು. ದಿಟ, ಆದರೆ ಅವರ ತವರು ಎತ್ತಿನ ಗಾಡಿಯ ದಾರಿಯಲ್ಲಿದ್ದಿತು. ಇಷ್ಟಲ್ಲದೆ 1853ರಲ್ಲಿ ಸಮಿತಿಯು ಇನ್ನೊಂದು ಕಟ್ಟಳೆ ಮಾಡಿತು: ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ, ಸುಮಾರು ಆರು ವರ್ಷಕ್ಕೆ, ಯುರೋಪಿಗೆ ಹೋಗಿ ಅಲ್ಲಿ ಬೆಳೆಯತಕ್ಕದ್ದು. ಬಾಸೆಲಿನಲ್ಲಿ ಅದಕ್ಕಾಗಿ ಮಕ್ಕಳ ಮನೆಯನ್ನೇ ತೆರೆದರು. ಆರು ವರ್ಷದ ಕೂಸನ್ನು ಹಡಗಿಗೆ ಒಪ್ಪಿಸಿ ಬಂದ ತಾಯಿಯು ಮುಂದಿನ ಹೊಸ ವರ್ಷಕ್ಕೆ ಏನೆಂದು ಹರಸಿ ಬರೆದಾಳು? ಮತ್ತೆ ಕಾಣುವಷ್ಟರಲ್ಲಿ ಆ ಕೂಸು ಪ್ರಾಯಕ್ಕೆ ಬಂದಿರುತ್ತಿದ್ದಿತು. ಎಷ್ಟೋ ಸಲ ಕಾಣುವ ಯೋಗವೇ ಇರಲಿಲ್ಲ. ನಮ್ಮ ನಿಘಂಟುಕಾರ ಕಿಟ್ಟೆಲರ ಮನೆಯನ್ನೇ ನೋಡಿರಿ. 1853ರಲ್ಲಿ ಇಪ್ಪತ್ತೊಂದರ ತರುಣರಾಗಿ ಬಂದ ಅವರು 1860ರಲ್ಲಿ ಪೌಲಿನ ಎಂಬಾಕೆಯನ್ನು ವಿವಾಹವಾದರು. ನಾಲ್ಕು ವರ್ಷಕ್ಕೆ ಆಕೆ ತೀರಿಕೊಂಡಳು. ತರುವಾಯ ಆಕೆಯ ತಂಗಿ ಜೂಲಿಯು 1867ರಲ್ಲಿ ಆ ಮನೆಯನ್ನು ತುಂಬಿದಳು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ನಾವು ಪಕ್ಷಪಾತಿಗಳಾದೇವು. ತಮ್ಮ ಹೊಸ ವರ್ಷವನ್ನು ಇಷ್ಟು ಕಣ್ಣೀರಿನಿಂದ ಕಾಪಾಡಿಕೊಂಡ ಜನರೇ ಇನ್ನೊಬ್ಬರಿಗೆ ಅವರ ಹೊಸ ವರ್ಷವನ್ನು ಬಿಡಿರೆಂದು ಹೇಳಲಿಕ್ಕೆ ಬಂದವರಾಗಿದ್ದರು. ಕ್ರೈಸ್ತರಾದವರು ಹಿಂದೂ ಹಬ್ಬಗಳಲ್ಲಿ ಸೇರಬಾರದೆಂಬುದು ಅವರ ಸಭೆಯ ಕಟ್ಟುಪಾಡು. ಬೆಟಗೇರಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹೊಸದಾಗಿ ಸಭೆಗೆ ಸೇರಿದ ಒಬ್ಬ ನೇಕಾರನನ್ನು ಊಹಿಸಿಕೊಳ್ಳಿರಿ. ಅವನ ಅಣ್ಣತಮ್ಮಂದಿರ ಮನೆಯಲ್ಲಿ ಪಾಡ್ಯದ ಎಣ್ಣೆನೀರು, ಬೇವು, ಹೋಳಿಗೆ. ಅವನ ಮನೆಯ ಒಲೆ ಆ ದಿನ ಎಂದಿನಂತೆ. ಸಾಲದ ಗಡುವು, ಕರಾರು ಎಲ್ಲವೂ ಪಾಡ್ಯಕ್ಕೇ ಕಟ್ಟಿಕೊಂಡಿವೆ. ಹರಕೆ, ಹಾಡು ಮಾತ್ರ ಜನವರಿಗೆ. ಮಿಶನರಿಯು ಪರದೇಶದಲ್ಲಿದ್ದು ತನ್ನ ಊರಿನ ವರ್ಷವನ್ನು ಆಚರಿಸಿದನು. ಈ ನೇಕಾರನು ತನ್ನ ಊರಿನಲ್ಲಿಯೇ ಇದ್ದು ಪರದೇಶಿಯಾದನು. ಆ ಪಾದ್ರಿಗಳ ಮನಸ್ಸಿಗೆ ಇದು ಒಂದು ದಿನವಾದರೂ ಹೊಳೆಯಲಿಲ್ಲವೆ? ತಾಯಿಯ ಕೈಯ ರೊಟ್ಟಿಯನ್ನು ನೆನೆದು ಕಣ್ಣೊರಸಿಕೊಂಡ ಮನುಷ್ಯನಿಗೆ ಇನ್ನೊಬ್ಬರ ತಾಯಿಯ ಕೈಯ ಬೇವು ತಿಳಿಯದೆ ಹೋಗಬಾರದಾಗಿದ್ದಿತು.

ಎಲ್ಲರೂ ಒಂದೇ ಬಗೆಯಾಗಿರಲಿಲ್ಲ. ಇಲ್ಲಿಯ ಸಭೆಗಳಲ್ಲಿ ಜರ್ಮನ್ ಗೀತೆಗಳನ್ನು ಕನ್ನಡಿಸಿ ಜರ್ಮನ್ ಧಾಟಿಯಲ್ಲಿಯೇ ಹಾಡಿಸುವ ರೂಢಿಯಿದ್ದಾಗ ಕಿಟ್ಟೆಲರು ಕನ್ನಡದ ಛಂದಸ್ಸಿನಲ್ಲಿಯೇ ಯೇಸುವಿನ ಚರಿತ್ರೆಯನ್ನು ಕಟ್ಟಿ ‘ಕಥಾಮಾಲೆ’ ಎಂದು 1862ರಲ್ಲಿ ಪ್ರಕಟಿಸಿದರು. ಹೀಗೆ ನಮ್ಮ ಜನರ ಜಾಡಿಗೆ ಇಳಿದದ್ದು ಅವರ ಮೇಲಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಮುಂದೆ 1894ರಲ್ಲಿ ಹೊರಬಂದ ಅವರ ಮಹಾಕೋಶದಲ್ಲಿ ಸುಮಾರು 70,000 ಶಬ್ದಗಳು. ಅವುಗಳ ನಡುವೆ ಯುಗಾದಿಗೂ ಸ್ಥಳವುಂಟು, ಬೇವಿಗೂ ಉಂಟು. ಹಬ್ಬವನ್ನು ಬಿಡಿಸಲು ಬಂದ ಮಂಡಲಿಯವರೊಬ್ಬರು ಹಬ್ಬದ ಹೆಸರನ್ನು ಹುಳುಹಿಡಿಯದಂತೆ ಕಾದಿಟ್ಟರು. ಮಂಗಳೂರಿನ ಅವರ ಮುದ್ರಣಾಲಯವು ಕನ್ನಡ ಪಂಚಾಂಗಗಳನ್ನೂ ಅಚ್ಚುಹಾಕಿತು. ಪಂಚಾಂಗವೆಂದ ಮೇಲೆ ತಿಥಿವಾರಗಳಿಲ್ಲದೆ ಸಾಗುವುದೆ?

ಇವರ ಎಂಬತ್ತು ವರ್ಷದ ಬಾಳಿಗೆ 1914ರ ಯುದ್ಧವು ಕೊಡಲಿಯಿಟ್ಟಿತು. ಜರ್ಮನ್ ಪ್ರಜೆಗಳೆಲ್ಲ ಶತ್ರುಗಳೆಂದು ಎಣಿಸಲ್ಪಟ್ಟು, ಮಿಶನರಿಗಳಲ್ಲಿ ಕೆಲವರು ಅಹ್ಮದನಗರದ ಸೆರೆಶಿಬಿರವನ್ನು ಕಂಡರು. ಮುಂದಿನ ಎರಡು ವರ್ಷಗಳಲ್ಲಿ ಬಹುಜನರನ್ನು ಹಡಗು ಹತ್ತಿಸಿದರು. ಮುಳ್ಳುತಂತಿಯೊಳಗಿನ ಹೊಸ ವರ್ಷವು ಹೇಗಿದ್ದೀತೆಂದು ನಾವು ವರ್ಣಿಸಲಾರೆವು. ಅವರು ನಡೆಸಿದ ವರ್ಷಾಂತ್ಯದ ರಾತ್ರಿಯ ಆರಾಧನೆ ಮಾತ್ರ ಇಲ್ಲಿಯೇ ಉಳಿಯಿತು. ಧಾರವಾಡ, ಹುಬ್ಬಳ್ಳಿಯ ದೇವಾಲಯಗಳಲ್ಲಿ ಡಿಸೆಂಬರ 31ರ ನಡುರಾತ್ರಿ ಕನ್ನಡದಲ್ಲಿಯೇ ಪ್ರಾರ್ಥನೆ ನಡೆಯುತ್ತದೆ. ಅದು ಈಗ ಪರದೇಶದ ಹಬ್ಬವಲ್ಲ, ನಮ್ಮ ನೆರೆಯವರ ಹಬ್ಬ. ನಮ್ಮ ಊರ ಹೆಸರಿಗೆ ಅಂಟಿದ ‘ಬುದ್ರುಕ’ವೂ ಪಾರಸಿಯ ‘ಬುಜುರ್ಗ’ವೇ, ಅಂದರೆ ಹಿರಿದು, ಅದನ್ನು ಯಾರೂ ಹೊರಗಿನದೆಂದು ಕಿತ್ತೆಸೆಯಹೋಗಿಲ್ಲ.

ಈಚೆಗೆ ಗಾಳಿ ತಿರುಗಿದೆ. ನಮ್ಮಲ್ಲಿ ಅಮರವನ್ನೂ ಶಬ್ದರೂಪವನ್ನೂ ಉರುಹೊಡೆದ ಹುಡುಗನೊಬ್ಬನು ಈಗ ಅಮೇರಿಕೆಯ ಒಂದು ದೇವಾಲಯದಲ್ಲಿ ಅರ್ಚಕನಾಗಿರುವನು. ಅವನೂ ಒಂದು ಬಗೆಯಲ್ಲಿ ಮಿಶನರಿಯೇ, ತನ್ನವರಿಗೇ ತನ್ನ ಧರ್ಮವನ್ನು ನೆನಪು ಮಾಡಿಕೊಡತಕ್ಕವನು. ಸಂಕಲ್ಪ ಹೇಳುವಾಗ ಇಲ್ಲಿ ಜಂಬೂದ್ವೀಪವೆನ್ನುತ್ತಿದ್ದವನು ಅಲ್ಲಿಯ ಅರ್ಚಕರ ರೂಢಿಯಂತೆ ಕ್ರೌಂಚದ್ವೀಪವೆನ್ನುತ್ತಾನೆ. ಸೂರ್ಯೋದಯವು ಅಲ್ಲಿ ತಡವಾದುದರಿಂದ ಕೆಲವು ಸಂವತ್ಸರಗಳಲ್ಲಿ ಪಾಡ್ಯವು ನಮಗಿಂತ ಒಂದು ತಾರೀಖು ಮೊದಲೇ ಬರುತ್ತದಂತೆ. ಅದು ಬುಧವಾರ ಬಂದರೂ ಭಕ್ತರು ಸೇರುವುದು ಶನಿವಾರ ಇಲ್ಲವೆ ಆದಿತ್ಯವಾರ. ಕೆಲಸಕ್ಕೆ ರಜೆ ಬೇಕಲ್ಲ. ಸಂವತ್ಸರವೆಂಬ ಶಬ್ದವನ್ನು ನಮ್ಮ ವೈಯಾಕರಣರು ‘ವಸ್’ ಧಾತುವಿನಿಂದ ಸಾಧಿಸುವರು: ಋತುಗಳು ಯಾವುದರಲ್ಲಿ ಕೂಡಿ ವಾಸಿಸುವುವೋ ಅದು. ಪ್ರವಾಸವೂ ಅದೇ ಧಾತುವಿನದು: ಮನೆಯ ಹೊರಗೆ ವಾಸಿಸುವುದು. ಹಿಂದೊಮ್ಮೆ ತರಗತಿಯಲ್ಲಿ ಇದನ್ನು ಬರೆಸಿದ್ದೆವು. ಅವನು ಅದನ್ನು ಮರೆತಿರಲಿಲ್ಲ.

ಕಳೆದ ತಿಂಗಳು ಅವನ ಕರೆ ಬಂದಿತು. “ಗುರುಗಳೇ, ಹೊರಗೆ ಮೊಣಕಾಲುದ್ದ ಹಿಮ ಬಿದ್ದದ. ನನ್ನ ಮಗಳು, ಜನವರಿ ಒಂದಕ್ಕ ಹೊಸ ವರ್ಷ ಮುಗೀತಲ್ಲಪ್ಪಾ, ಮತ್ತ ಇನ್ನೊಂದು ಯಾಕ ಅಂತಾಳ” ಎಂದನು. ಆಗ ನಮಗೆ ಬಾಸೆಲಿನ ಆ ಕಟ್ಟಳೆಯು ನೆನಪಾಯಿತು. ಆ ತಂದೆತಾಯಿಗಳು ಮಕ್ಕಳು ಪರದೇಶದವರಾಗಬಾರದೆಂದು ಅವರನ್ನೇ ಅಗಲಿದರು. ಈ ಹುಡುಗನು ಮಗಳನ್ನು ಅಗಲದೆ ಮಡಿಲಲ್ಲಿಯೇ ಇಟ್ಟುಕೊಂಡು, ಅವಳು ಆಚೆಯವಳಾಗುವುದನ್ನು ದಿನವೂ ನೋಡುತ್ತಿರುವನು. ಯಾವುದು ಹೆಚ್ಚಿನ ದುಃಖವೆಂದು ನಮಗೆ ತೂಗಲಾಗಲಿಲ್ಲ. ಬುದ್ಧಿ ಹೇಳಲಿಕ್ಕೂ ಬಾಯಿ ಬರಲಿಲ್ಲ. ನಮ್ಮ ಮೊಮ್ಮಗನೂ ಹಾಗೆಯೇ ಹೇಳಿದನೆಂದು ಮಾತ್ರ ಹೇಳಿದೆವು; ಅವನು ಗಟ್ಟಿಯಾಗಿ ನಕ್ಕನು.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿ ಸಿಕ್ಕುವ ಬೇವಿನ ಹೂವು ಧೂಳಿನಂತಿರುವುದೆಂದೂ, ನಮ್ಮ ಹಿತ್ತಿಲ ಗಿಡದ್ದು ಒಂದು ಹಿಡಿ ಕಳಿಸಲಾದೀತೆ ಎಂದೂ ಕೇಳಿದನು. ಅದರ ಕೆಳಗೆ ಕುಳಿತು ಅವನು ಶಬ್ದರೂಪ ಒಪ್ಪಿಸಿದ ಗಿಡವದು. ನಮ್ಮ ಮನೆಯವರು ಹೋದ ಚೈತ್ರದಲ್ಲಿ ನೆರಳಲ್ಲಿ ಒಣಗಿಸಿಟ್ಟ ಹೂವನ್ನು ಸಣ್ಣ ಅರಿವೆಯಲ್ಲಿ ಕಟ್ಟಿ, ಅದರ ಜೊತೆಗೆ ಒಂದು ತುಣುಕು ಬೆಲ್ಲವನ್ನೂ ಇಟ್ಟು ಹೊಲಿದರು. ಬೆಲ್ಲವು ಅಲ್ಲಿಯೂ ಸಿಕ್ಕುವುದೆಂದರೆ, “ಸಿಗಲಿ, ಇದು ಉಗಾರದ್ದು” ಎಂದರು. ಪರದೇಶದ ಸುಂಕದವರು ಹೂವು ಬೀಜಗಳನ್ನು ಬಿಡುವುದಿಲ್ಲವೆಂದು ಅಂಚೆಯಲ್ಲಿದ್ದವರೊಬ್ಬರು ಎಚ್ಚರಿಸಿದರು. ಆದರೂ ಕಳಿಸಿ ಬಂದೆವು. ಪಾಡ್ಯಕ್ಕೆ ಇನ್ನು ಮೂರು ವಾರಗಳಿವೆ. ಗಂಟು ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ.